ಗೇಟಿನ ಹೊರಗಿನ ಗ್ರೀನಿಚ್

ಜೂನ್ ತಿಂಗಳಲ್ಲಿ ಲಂಡನ್ನಿನ ತಮ್ಮನ ಮನೆಗೆ ಹೋಗಿದ್ದಾಗ ಒಂದು ದಿನ ಮಕ್ಕಳು ನನ್ನ ಪಾಲಿಗೆ ಬಂದರು. ನನ್ನ ಮಗಳಿಗೆ 11, ತಮ್ಮನ ಮಗನಿಗೆ 7. ಗ್ರೀನಿಚ್ ಖಗೋಳ ವೀಕ್ಷಣಾಲಯಕ್ಕೆ ಹೊರಟೆವು.

ಐಲೆಂಡ್ ಗಾರ್ಡನ್ಸ್ ಸ್ಟೇಷನ್ನಿನಲ್ಲಿ ಇಳಿದು ಥೇಮ್ಸ್ ನದಿಯನ್ನು ಅಡಿಯಿಂದ ದಾಟಿದೆವು. 1902ರಲ್ಲಿ ತೆರೆದ ಸುರಂಗ, 370 ಮೀಟರ್ ಉದ್ದ. ನಡೆದು ಹೋಗುವವರಿಗೆ ಮಾತ್ರ, ದುಡ್ಡಿಲ್ಲ. ಮಕ್ಕಳು ಕೂಗಿದ್ದೇ ಕೂಗಿದ್ದು. ಆಮೇಲೆ ಪಾರ್ಕಿನ ಏರು. ಅಲ್ಲಿ ಕೂಗುವ ಉಸಿರು ಯಾರಿಗೂ ಉಳಿದಿರಲಿಲ್ಲ.

ಮೇಲೆ ಹೋದರೆ ಟಿಕೆಟ್ಟಿಗೆ ಉದ್ದನೆಯ ಸಾಲು. ಒಳಗೆ ಹೋಗದೆ ಏನು ನೋಡೋದು ಅಂತ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಹುಡುಗ ಗೇಟಿನ ಪಕ್ಕದ ಗೋಡೆಗೆ ಅಂಟಿಕೊಂಡಿದ್ದ.

ಆ ಗೋಡೆಯಲ್ಲಿ ಅಳತೆಗಳಿವೆ. ಒಂದು ಗಜ, ಎರಡು ಅಡಿ, ಒಂದು ಅಡಿ, ಆರು ಇಂಚು, ಮೂರು ಇಂಚು. ತಮ್ಮ ಅಳತೆಕೋಲು ಸರಿಯಿದೆಯಾ ಅಂತ ಯಾರು ಬೇಕಾದರೂ ಬಂದು ನೋಡಿಕೊಳ್ಳಲಿ ಅಂತ 19ನೇ ಶತಮಾನದಲ್ಲಿ ಹಾಕಿದ್ದು. ಲೋಹ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹಾಗಾಗಿ 62 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಸರಿಯಾದ ಅಳತೆ. ನಾಲ್ಕು ಗೇಣು ಒಂದು ಗಜ ಅಂತ ನಾನು ಕೇಳಿ ಬೆಳೆದವಳು. ಗೋಡೆ ಮೇಲೆ ಗೇಣು ಹಾಕಿದೆ. ನಾಲ್ಕೂವರೆ ಬಂತು! ಮಗಳಿಗೆ ಐದು, ಹುಡುಗನಿಗೆ ಆರು. "ಹಾಗಾದ್ರೆ ನಾನೇ ದೊಡ್ಡವನು" ಅಂದ. ಸರಿ ಮಾಡಲು ಹೋಗಲಿಲ್ಲ.

"ಅತ್ತೆ, ಈ ಗಡಿಯಾರ ಕೆಟ್ಟಿದೆ" ಅಂದ ಮತ್ತೆ. ಅಲ್ಲೇ ಗೋಡೆಯಲ್ಲಿ 1852ರ ಶೆಫರ್ಡ್ ಗಡಿಯಾರ. ಮುಖದಲ್ಲಿ 12 ಅಲ್ಲ, 24 ಗಂಟೆ. ಮಧ್ಯಾಹ್ನದ 12 ಕೆಳಗಿರುತ್ತದೆ. ಸಾಲದ್ದಕ್ಕೆ ನಮ್ಮ ವಾಚಿಗಿಂತ ಒಂದು ಗಂಟೆ ಹಿಂದೆ. ಬೇಸಿಗೆಯಲ್ಲಿ ಬ್ರಿಟನ್ನಿನವರೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಇದೊಂದು ಮಾತ್ರ ವರ್ಷವಿಡೀ ಗ್ರೀನಿಚ್ ಸಮಯವನ್ನೇ ಹಿಡಿದುಕೊಂಡಿರುತ್ತದೆ.

ತಲೆಯೆತ್ತಿದರೆ ಕಟ್ಟಡದ ತುದಿಯಲ್ಲಿ ಕೆಂಪು ಚೆಂಡು. 12:55ಕ್ಕೆ ಕಂಬದ ಅರ್ಧಕ್ಕೆ ಏರಿತು. 12:58ಕ್ಕೆ ತುದಿಗೆ. ಸರಿಯಾಗಿ 1 ಗಂಟೆಗೆ ಜರ್ರನೆ ಇಳಿಯಿತು. ಶೆಫರ್ಡ್ ಗಡಿಯಾರದ ಗಂಟೆ ಮುಳ್ಳು ಆಗ ನೇರ ಕೆಳಕ್ಕೆ ತೋರಿಸುತ್ತಿತ್ತು. 1833ರಿಂದ ಈ ಚೆಂಡನ್ನು ನೋಡಿ ಥೇಮ್ಸ್‌ನ ಹಡಗುಗಳು ಗಡಿಯಾರ ಹೊಂದಿಸಿಕೊಳ್ಳುತ್ತಿದ್ದವು. ತಾವು ಎಷ್ಟು ಪೂರ್ವಕ್ಕೆ, ಎಷ್ಟು ಪಶ್ಚಿಮಕ್ಕೆ ಇದ್ದೇವೆ ಅಂತ ಹಡಗಿನವರು ಲೆಕ್ಕ ಹಾಕುತ್ತಿದ್ದದ್ದು ಗಡಿಯಾರದಿಂದ. ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದಲ್ವಾ, ಗಡಿಯಾರ 4 ನಿಮಿಷ ತಪ್ಪಿದರೆ ಸಮುದ್ರದಲ್ಲಿ ಒಂದು ಡಿಗ್ರಿ ದಾರಿ ತಪ್ಪಿದ ಹಾಗೆ.

ಪೂರ್ವ, ಪಶ್ಚಿಮಗಳನ್ನು ಎಣಿಸಲು ಶುರುಮಾಡುವ ಸೊನ್ನೆ ಡಿಗ್ರಿ ರೇಖಾಂಶ ಇಲ್ಲೇ ಇದೆ. ಅಂಗಳದೊಳಗಿನ ಆ ಪ್ರಸಿದ್ಧ ರೇಖೆಗೆ ಟಿಕೆಟ್ ಬೇಕು. ಆದರೆ ರೇಖೆ ಅಂಗಳಕ್ಕೇ ಮುಗಿಯುತ್ತದೆಯೇ? ಕೆಳಗಿನ ಕಾಲುದಾರಿಗೆ ಬಂದರೆ ಅಲ್ಲೂ ಅದರ ಗುರುತಿದೆ. ಅಲ್ಲಿ ಸಾಲೂ ಇಲ್ಲ. ಒಂದು ಕಾಲು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಇಟ್ಟು ಮಗಳು ಮೊಬೈಲಿನ ಜಿಪಿಎಸ್‌ನಲ್ಲಿ ರೇಖಾಂಶ ನೋಡಿದಳು. ಸೊನ್ನೆ ಬರಬೇಕಿತ್ತು. ಬಂದಿದ್ದು ಪಶ್ಚಿಮ 0.0015 ಡಿಗ್ರಿಯ ಆಸುಪಾಸು.

"ಅಮ್ಮ, ರೇಖೆಯನ್ನೇ ತಪ್ಪು ಹಾಕಿದ್ದಾರಾ?"

ತಪ್ಪಲ್ಲ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ದೇಶಗಳು ಶೂನ್ಯ ಅಂತ ಒಪ್ಪಿದ್ದು ಇದನ್ನೇ. ಈ ರೇಖೆಯ ಮೇಲೆ ದೂರದರ್ಶಕ ಇಟ್ಟ ಖಗೋಳಜ್ಞ ಜಾರ್ಜ್ ಏರಿ, ನೇರ ಮೇಲು ಯಾವುದು ಅಂತ ನೋಡಲು ಸಮತಟ್ಟಾಗಿ ನಿಲ್ಲುವ ಪಾದರಸ ಬಳಸಿದ್ದ. ನಾನು ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಇದು ಭೂಮಿಯ ನಟ್ಟನಡುವನ್ನೇ ತೋರಿಸುತ್ತದೆ ಅಂದುಕೊಳ್ಳುತ್ತೇವೆ. ಆದರೆ ಭೂಮಿಯ ಒಳಗೆ ಎಲ್ಲ ಕಡೆ ಒಂದೇ ಭಾರವಿಲ್ಲ, ಸೆಳೆತ ಒಂಚೂರು ವಾಲುತ್ತದೆ. ಪಾದರಸವೂ ಅದರ ಜೊತೆ ವಾಲುತ್ತದೆ. ಜಿಪಿಎಸ್ ಲೆಕ್ಕ ಹಿಡಿಯುವುದು ಭೂಮಿಯ ನಡುವಿನಿಂದ. ಈ ಚೂರು ವ್ಯತ್ಯಾಸಕ್ಕೆ ಜಿಪಿಎಸ್‌ನ ಶೂನ್ಯ 102 ಮೀಟರ್ ಪೂರ್ವಕ್ಕಿದೆ.

ಹುಡುಗನಿಗೆ ಇದೆಲ್ಲ ಎಷ್ಟು ಅರ್ಥವಾಯಿತೋ! "102 ಮೀಟರ್" ಅನ್ನೋದು ಮಾತ್ರ ಕಿವಿಗೆ ಬಿದ್ದಿತ್ತು. ನಿಧಿ ಹುಡುಕುವವನ ಹಾಗೆ ಓಡಿದ. ನನ್ನ ಮೊಬೈಲ್ ಅವನ ಕೈಯಲ್ಲಿ, ಮಗಳದ್ದು ಅವಳ ಕೈಯಲ್ಲಿ. ಪಾರ್ಕಿನ ಹುಲ್ಲಿನ ಮೇಲೆ ಇಬ್ಬರಿಗೂ ಸೊನ್ನೆ ಸಿಕ್ಕಿತು, ಆದರೆ ನಾಲ್ಕು ಹೆಜ್ಜೆ ದೂರದೂರದಲ್ಲಿ. ಮೊಬೈಲಿನ ಜಿಪಿಎಸ್ ಒಂದೆರಡು ಮೀಟರ್ ಅತ್ತಿತ್ತ ಆಗುವುದು ಮಾಮೂಲು ಅಂದೆ. ಇಬ್ಬರೂ ಒಪ್ಪಲಿಲ್ಲ. ತಮ್ಮತಮ್ಮ ಜಾಗದಲ್ಲಿ ಒಂದೊಂದು ಬೂಟು ಬಿಚ್ಚಿಟ್ಟು, ನಡುವೆ ಎಷ್ಟು ಗೇಣು ಅಂತ ಅಳೆಯಲು ನನ್ನನ್ನು ಹುಲ್ಲಿಗೆ ಕೂರಿಸಿದರು.