ಸವಳು ಹೊಲದಿಂದ ಸಮಾವೇಶದ ವೇದಿಕೆಗೆ: ಮಣ್ಣಿನ ಪ್ರಾಜೆಕ್ಟ್ ಮಾಡಿಸುತ್ತ ಕಲಿತದ್ದು

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಮಣ್ಣಿನ ಮೇಲೆ ಪ್ರಾಜೆಕ್ಟ್ ಮಾಡಿಸಬೇಕು ಎಂದುಕೊಂಡಿರುವ ಶಿಕ್ಷಕ ಮಿತ್ರರಿಗೆ ನಾನು ಮೊದಲು ಹೇಳುವ ಮಾತು ಇದು: ಪ್ರಯೋಗಾಲಯದ ವರದಿಯನ್ನು ಕೊನೆಗೆ ತರಿಸಿ, ಮೊದಲಿಗೆ ಬೇಡ. ಗಂಗಾವತಿ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತ, ಮಕ್ಕಳನ್ನು ಜಿಲ್ಲಾ ಮಟ್ಟಕ್ಕೆ ಕರೆದೊಯ್ಯುತ್ತ, ನನಗೆ ಮನವರಿಕೆಯಾದ ಸಂಗತಿ ಇದೇ. ಒಂದು ಪೊಟ್ಟಣ ಮಣ್ಣು ಲ್ಯಾಬಿಗೆ ಹೋಗಿ, ಅಲ್ಲಿಂದ ಬಂದ ಅಂಕಿಗಳು ಚಾರ್ಟಿನ ಮೇಲೆ ಏರಿದರೆ ನೋಡಲು ಚೆಂದವೇ. ಆದರೆ ತೀರ್ಪುಗಾರರು "ಈ ಮಣ್ಣು ಹೊಲದ ಯಾವ ಜಾಗದ್ದು? ಎಷ್ಟು ಆಳದ್ದು?" ಎಂದು ಕೇಳಿದಾಗ ಆ ಚಾರ್ಟು ಉತ್ತರ ಕೊಡುವುದಿಲ್ಲ. ಮಗುವೇ ಕೊಡಬೇಕು.

ಈ ಸಮಾವೇಶ ರಾಷ್ಟ್ರ ಮಟ್ಟದಲ್ಲಿ 1993ರಿಂದ ನಡೆದುಬಂದಿದೆ. 10ರಿಂದ 17 ವರ್ಷದ ಮಕ್ಕಳು ಭಾಗವಹಿಸುತ್ತಾರೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸಿಕೊಂಡು ಬಂದಿದೆ. ಇಲ್ಲಿ ಮಾದರಿಯ ಥಳುಕಿಗಿಂತ ಬೆಲೆ ಹೆಚ್ಚು ಇರುವುದು ಸ್ಥಳೀಯ ಸಮಸ್ಯೆಗೆ, ಮಕ್ಕಳೇ ಮಾಡಿದ ಅಳತೆಗೆ.

ನಮ್ಮಲ್ಲಿ ಪ್ರಶ್ನೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ, ನಮ್ಮ ಹೊಲದಾಗ ಕಾಲುವಿ ಕಡೆ ಭತ್ತ ಚಲೋ ಬರ್ತದ, ತಗ್ಗಿನ ಕಡೆ ಬರಾಂಗಿಲ್ಲ. ಬ್ಯಾಸಗಿಯಾಗ ಅಲ್ಲಿ ಬೆಳ್ಳಗ ಹಿಟ್ಟು ಚೆಲ್ಲಿದಂಗ ಆಗಿರ್ತದ. ಯಾಕ?" ತುಂಗಭದ್ರಾ ಅಚ್ಚುಕಟ್ಟಿನ ದೊಡ್ಡ ಸಂಕಟವೇ ಈ ಪ್ರಶ್ನೆಯೊಳಗಿದೆ. ಕಡಿಮೆ ನೀರಿನ ಬೆಳೆಗಳನ್ನು ಹೆಚ್ಚು ಜಮೀನಿಗೆ ಹಂಚುವ ಲೆಕ್ಕದಲ್ಲಿ ಹುಟ್ಟಿದ ಕಾಲುವೆ ಇದು. ಆದರೆ ಮೇಲ್ಭಾಗದಲ್ಲಿ ಹೆಚ್ಚು ನೀರು ಬೇಡುವ ಭತ್ತವೇ ಭತ್ತ. ಎರೆ ಭೂಮಿಯಲ್ಲಿ ನೀರು ಬಸಿದು ಹೋಗದೆ ಅಂತರ್ಜಲ ಮೇಲೇರುತ್ತದೆ, ಅದರ ಜೊತೆ ಉಪ್ಪೂ ಏರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲ್ಪದರದಲ್ಲಿ ಕೂರುತ್ತದೆ. ಹೀಗೆ ಉಪ್ಪೇರಿದ ಮಣ್ಣೇ ಸವಳು. "ಮಣ್ಣಿನ ಆರೋಗ್ಯ" ಎಂಬ ಅಗಲವಾದ ತಲೆಬರಹ ಬಿಟ್ಟು ಈ ಒಂದೇ ಹೊಲದ ಎರಡು ತುದಿಗಳನ್ನು ಹೋಲಿಸೋಣ ಎಂದೆವು. ಪ್ರಶ್ನೆ ಸಣ್ಣದಾದಷ್ಟೂ ಮಕ್ಕಳ ಕೈಗೆ ಸಿಗುತ್ತದೆ.

ಇನ್ನು ಮಾದರಿ ತೆಗೆಯುವ ಕೆಲಸ. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಬದುವಿನ ಪಕ್ಕ, ತಿಪ್ಪೆಯ ಹತ್ತಿರ, ಮರದ ನೆರಳು, ಈಚೆಗೆ ಗೊಬ್ಬರ ಚೆಲ್ಲಿದ ಜಾಗ ಇವನ್ನೆಲ್ಲ ಬಿಡಬೇಕು. ಮೇಲಿನ ಕಸಕಡ್ಡಿ ಸರಿಸಿ, ಸಲಿಕೆಯಿಂದ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ಮಾಡಿ, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ತೆಗೆಯಬೇಕು. ಹೀಗೆ ಅಂಕುಡೊಂಕಾಗಿ ನಡೆದು 10-15 ಕಡೆ ತೆಗೆದದ್ದನ್ನು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿ, ಮತ್ತೆ ಕಲಸಿ, ಅರ್ಧ ಕೆ.ಜಿ. ಉಳಿಯುವವರೆಗೆ ಇದನ್ನೇ ಮಾಡಬೇಕು. ಹಳೆಯ ಗೊಬ್ಬರದ ಚೀಲ ಹತ್ತಿರ ಸುಳಿಯಬಾರದು. ಅದರಲ್ಲಿ ಅಂಟಿದ ಯೂರಿಯಾ, ಪೊಟ್ಯಾಷ್ ಪೂರ್ತಿ ಅಳತೆಯನ್ನೇ ಕೆಡಿಸುತ್ತದೆ. ಒಣಗಿಸುವುದು ನೆರಳಲ್ಲಿ. ಎರಡೂ ತುದಿಯ ಮಣ್ಣನ್ನು ಒಂದೇ ದಿನ ತೆಗೆಯಬೇಕು, ಏಕೆಂದರೆ ಒಂದು ಮಳೆ ಬಿದ್ದರೂ ಮೇಲಿನ ಉಪ್ಪು ಕೆಳಗಿಳಿದಿರುತ್ತದೆ. ಕಾಲುವೆಗೆ ನೀರು ಬಿಟ್ಟು ಗದ್ದೆ ಮಾಡಿದ ಮೇಲಂತೂ ಆ ವರ್ಷದ ಅವಕಾಶ ಮುಗಿದ ಹಾಗೆ. ಅದಕ್ಕೇ ನಮ್ಮ ಭಾಗದ ಶಿಕ್ಷಕರು ಸ್ಪರ್ಧೆಯ ಸುತ್ತೋಲೆಗೆ ಕಾಯದೆ ಬೇಸಿಗೆಯಲ್ಲೇ ಮಾದರಿ ತೆಗೆಸಿಡಬೇಕು.

ಮಕ್ಕಳ ಕಣ್ಣು ಅರಳಿದ್ದು ಬಾಟಲಿ ಪ್ರಯೋಗದಲ್ಲಿ. ಮಣ್ಣಿಗೆ ನೀರು ಹಾಕಿ ಕುಲುಕಿಟ್ಟರೆ ಮರಳು ನಿಮಿಷದೊಳಗೆ ತಳ ಸೇರುತ್ತದೆ, ಮರಳಿಗಿಂತ ಸಣ್ಣ ಕಣವಾದ ಗೋಡು ಕೆಲವು ತಾಸಿನಲ್ಲಿ. ಜೇಡಿ, ಅಂದರೆ 0.002 ಮಿ.ಮೀ.ಗಿಂತ ಸಣ್ಣ ಕಣ, ಬಹಳ ಹೊತ್ತು ತೇಲುತ್ತದೆ. ತಗ್ಗಿನ ಮಣ್ಣಿನ ನೀರು ಮರುದಿನವೂ ರಾಡಿಯಾಗೇ ಇತ್ತು. ಸೋಡಿಯಂ ಹೆಚ್ಚಿದ್ದಾಗ ಜೇಡಿಯ ಕಣಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಅದೇ ಮಣ್ಣಿನ ಇನ್ನೊಂದು ಬಾಟಲಿಗೆ ಚಮಚೆ ಜಿಪ್ಸಂ ಹಾಕಿದೆವು. ಜಿಪ್ಸಂನ ಕ್ಯಾಲ್ಸಿಯಂ ಕಣಗಳನ್ನು ಗುಂಪುಗೂಡಿಸಿ ಕೆಳಗಿಳಿಸಿತು, ನೀರು ತಿಳಿಯಾಯಿತು. ಎರಡು ಬಾಟಲಿ ಪಕ್ಕಪಕ್ಕ ಇಟ್ಟು ನೋಡಿದ ಮಕ್ಕಳಿಗೆ ಕ್ಷಾರ ಮಣ್ಣಿಗೆ, ಅಂದರೆ ಸೋಡಿಯಂ ಹೆಚ್ಚಿರುವ ಇಂಥ ಮಣ್ಣಿಗೆ, ಜಿಪ್ಸಂ ಏಕೆ ಎಂದು ಬೇರೆ ಪಾಠ ಬೇಕಾಗಲಿಲ್ಲ. ಈ ಪ್ರಯೋಗಕ್ಕೆ ಮಳೆ ನೀರು ಅಥವಾ ಡಿಸ್ಟಿಲ್ಡ್ ನೀರು ಬಳಸಿ, ಸೋಪಿನ ಪುಡಿ ಹಾಕಬೇಡಿ. ಬೋರ್‌ವೆಲ್ ನೀರಿನ ಗಡಸುತನವೇ ಜಿಪ್ಸಂನ ಕೆಲಸ ಮಾಡಿಬಿಡಬಹುದು, ಸೋಪು ಅದರ ಉಲ್ಟಾ. ಬರೀ ಉಪ್ಪಿನ ಮಣ್ಣಾದರೆ ನೀರು ಬೇಗ ತಿಳಿಯಾಗುತ್ತದೆ. ಅಂಥ ಹೊಲಕ್ಕೆ ಬೇಕಾದದ್ದು ಹೆಚ್ಚಾದ ನೀರು ಹರಿದುಹೋಗುವ ಬಸಿಗಾಲುವೆ ಮತ್ತು ಉಪ್ಪು ತೊಳೆಯಲು ಒಳ್ಳೆಯ ನೀರು. ರೈತನ ದುಡ್ಡು ಎಲ್ಲಿ ಹೋಗಬೇಕು ಎಂಬುದು ಈ ವ್ಯತ್ಯಾಸದ ಮೇಲೇ ನಿಂತಿದೆ.

ಲವಣಾಂಶದ ಅಂಕಿಯ ಬಗ್ಗೆ ಒಂದು ಎಚ್ಚರ. ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಸವಳು ಎಂದು ಪುಸ್ತಕ ಹೇಳುತ್ತದೆ. ಅದು ಮಣ್ಣನ್ನು ನೀರಿನಲ್ಲಿ ಕಲಸಿ ಮುದ್ದೆ ಮಾಡಿ ಹಿಂಡಿ ತೆಗೆದ ದ್ರಾವಣದ ಲೆಕ್ಕ. ಶಾಲೆಯಲ್ಲಿ ನಾವು 10 ಗ್ರಾಂ ಮಣ್ಣಿಗೆ 25 ಮಿ.ಲೀ. ನೀರು ಹಾಕಿ ಇಸಿ ಪೆನ್ನು, ಅಂದರೆ ವಿದ್ಯುತ್ ವಾಹಕತೆಯಿಂದ ಲವಣಾಂಶ ತೋರಿಸುವ ಪುಟ್ಟ ಮೀಟರು, ಅದ್ದುತ್ತೇವೆ. ನೀರು ಹೆಚ್ಚಿರುವುದರಿಂದ ಅಂಕಿ ಬಹಳ ಕಡಿಮೆ ಬರುತ್ತದೆ. ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. "ನಾವು ಒಂದೇ ವಿಧಾನದಿಂದ ಅಳೆದ ನಮ್ಮ ಎರಡು ಜಾಗಗಳನ್ನು ಮಾತ್ರ ಹೋಲಿಸಿದ್ದೇವೆ" ಎಂದು ಮಗು ಧೈರ್ಯವಾಗಿ ಹೇಳಿದರೆ ಸಾಕು, ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇಷ್ಟಾದ ಮೇಲೆ ಲ್ಯಾಬ್ ವರದಿ ತರಿಸಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ತಾವೇ ಅಳೆದ ರಸಸಾರ (pH), ಲವಣಾಂಶ ಅದರ ಹತ್ತಿರ ಬಂದಿವೆಯೇ ಎಂದು ನೋಡುವಾಗ ಮಕ್ಕಳು ಆ ಚೀಟಿಯನ್ನು ಓದುವ ರೀತಿಯೇ ಬೇರೆ. ಸಾವಯವ ಇಂಗಾಲ 0.5 ಶೇಕಡಕ್ಕಿಂತ ಕೆಳಗಿದ್ದರೆ ಕಡಿಮೆ ಎಂಬುದು ಬಾಯಿಪಾಠವಾಗಿ ಉಳಿಯುವುದಿಲ್ಲ.

ತಾಲೀಮನ್ನು ಸ್ಟಾಫ್ ರೂಮಿನಲ್ಲಿ ಮಾಡಿಸಬೇಡಿ. ನಾನು ಮಕ್ಕಳನ್ನು ಹೊಲದ ಯಜಮಾನರ ಮುಂದೆಯೇ ನಿಲ್ಲಿಸಿದೆ. ಅವರು ಬಾಟಲಿಗಳನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿ ಕೇಳಿದರು: "ಬಸಿಗಾಲುವಿ ಹೂಳು ತೆಗಸದ ಜಿಪ್ಸಂ ಹಾಕಿದ್ರ ಎಷ್ಟು ವರ್ಷ ತಡಿತದವ್ವ?" ಹುಡುಗಿ ತನ್ನ ದಿನಚರಿ ಪುಸ್ತಕ ತೆರೆದು ಆ ಪ್ರಶ್ನೆ ಬರೆದುಕೊಂಡಳು. ಬರುವ ಬೇಸಿಗೆಯಲ್ಲಿ ಹೂಳು ತೆಗೆದ ಕಡೆ ಒಂದು, ತೆಗೆಯದ ಕಡೆ ಒಂದು ಮಾದರಿ ತೆಗೆಯುವುದೆಂದು ಇಬ್ಬರೂ ನಿರ್ಧರಿಸಿದ್ದಾರೆ.