ಹೊಸದು ಮಾಡಿ, ಹಳೇದಕ್ಕೆ ಕೈ ಹಚ್ಚಬೇಡಿ

ಹಳೇ ಗೇಮ್‌ಗೆ ಹೊಸ ಭಾಗ ಬರ್ತಿದೆ ಅಂತ ಟ್ರೇಲರ್ ಬಂದ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜಗಳ ಗ್ಯಾರಂಟಿ. ಎಲ್ಲರೂ ಈ ಕಡೆಯವರೇ, ನಲವತ್ತರ ಆಸುಪಾಸಿನವರು. ಒಬ್ಬ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ, ಇನ್ನೊಬ್ಬ ಬೀದರ್‌ನಲ್ಲಿ ಮಾಸ್ತರ್. ಅಂಗಡಿಯವನು ಶುರು ಮಾಡ್ತಾನೆ: "ಹಳೇದೇ ಚಂದ ಇತ್ತು, ಇವ್ರು ಸುಮ್ನೆ ಹಾಳು ಮಾಡ್ಲಾಕತ್ತಾರ." ಬ್ಯಾಂಕಿನವನು ಬಿಡ್ತಾನಾ? "ಲೇ, ಗೇಮ್ ಹಾಳಾಗಿಲ್ಲ, ನಿನಗ ವಯಸ್ಸಾಗ್ಯಾದ."

ವಯಸ್ಸಾಗಿದೆ, ಒಪ್ಪಿದೆ. ಆದರೆ ಹಳಬರಿಗೆ ಹೊಸದೇನೂ ಹಿಡಿಸಲ್ಲ ಅನ್ನೋದು ಸುಳ್ಳು. ನಮ್ಮ ತಕರಾರು ಗ್ರಾಫಿಕ್ಸ್ ಬಗ್ಗೆ ಅಲ್ಲವೇ ಅಲ್ಲ. ಚೌಕ ಚೌಕದ ಮುಖ ನೋಡಿ ಬೆಳೆದವರು ನಾವು, ಚಂದ ಕಂಡರೆ ಬೇಡ ಅಂತೀವಾ?

ಕಾಂಟ್ರಾ ತಗೊಳ್ಳಿ. 1987ರಲ್ಲಿ ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡುವ ಯಂತ್ರಕ್ಕೆ ಬಂದ ಗುಂಡು ಹೊಡೆಯೋ ಆಟ, ಮರುವರ್ಷ ಮನೆ ಟಿವಿಗೆ ಬಂತು. ನಮ್ಮ ಊರು ಮುಟ್ಟೋಕೆ ಇನ್ನೂ ಕೆಲವು ವರ್ಷ ಬೇಕಾಯಿತು, ಅದೂ ಸಾವಿರಾರು ಆಟ ಇವೆ ಅಂತ ಮೇಲೆ ಸುಳ್ಳು ಬರೆದ ಕ್ಯಾಸೆಟ್‌ನಲ್ಲಿ. ಮೂರನೇ ಹಂತದ ಜಲಪಾತ ನೆನಪಿದೆಯಾ? ಇಬ್ಬರು ಆಡುವಾಗ ಒಬ್ಬ ಅವಸರಪಟ್ಟು ಮೇಲಿನ ಬಂಡೆಗೆ ಹಾರಿದರೆ ಪರದೆಯೂ ಮೇಲಕ್ಕೆ ಸರಿಯುತ್ತದೆ, ಕೆಳಗೆ ಉಳಿದವನು ಗುಂಡು ತಾಗದೆಯೇ ಸಾಯುತ್ತಾನೆ. ಅಣ್ಣತಮ್ಮಂದಿರು ಹೊಡೆದಾಡ್ತಿದ್ದದ್ದು ಇದಕ್ಕೇ. ಒಂದು ಗುಂಡು ತಾಗಿದರೆ ಒಂದು ಜೀವ ಹೋಯಿತು. ಎಸ್ ಅಂತ ಬರೆದ ಗನ್ ಸಿಕ್ಕರೆ ರಾಜ. ಅಷ್ಟೇ ಆಟ, ಆದರೆ ಅದರಲ್ಲಿ ಒಂದು ಕಣವೂ ವೇಸ್ಟ್ ಇರಲಿಲ್ಲ.

2019ರಲ್ಲಿ ಅದೇ ಹೆಸರಿನಲ್ಲಿ ರೋಗ್ ಕೋರ್ ಅಂತ ಒಂದು ಬಂತು. ಕ್ಯಾಮೆರಾ ಮೇಲಿನಿಂದ ನೋಡುತ್ತದೆ. ಹೊಡೀತಾ ಹೋದರೆ ಗನ್ ಬಿಸಿಯಾಗುತ್ತದೆ, ತಣ್ಣಗಾಗೋವರೆಗೂ ಕಾಯಬೇಕು. ಕಾಂಟ್ರಾದಲ್ಲಿ ಗುಂಡು ಹೊಡೆಯೋ ಬಟನ್ ಮೇಲಿಂದ ಬೆರಳು ತೆಗೀಬೇಕು ಅಂದರೆ ಅದು ಯಾವ ಸೀಮೆ ಕಾಂಟ್ರಾ? 2024ರಲ್ಲಿ ವೇಫಾರ್ವರ್ಡ್ ಕಂಪನಿ ಮಾಡಿದ ಆಪರೇಷನ್ ಗಲುಗಾ ವಾಸಿ. ಮತ್ತೆ ಪಕ್ಕದಿಂದ ನೋಡುವ ಆಟ, ಒಂದೇ ಏಟಿಗೆ ಸಾಯಬೇಕಾ ಅಥವಾ ಆರೋಗ್ಯದ ಪಟ್ಟಿ ಬೇಕಾ ಅಂತ ನಾವೇ ಆರಿಸಬಹುದು. ನಡುವೆ ಮಾತು ಜಾಸ್ತಿ. ಕಥೆ ಯಾರಿಗೆ ಬೇಕಾಗಿತ್ತು? ಆದರೂ ಕೈಗೆ ಅದು ಕಾಂಟ್ರಾ ಅಂತ ಗೊತ್ತಾಗುತ್ತದೆ, ಅಷ್ಟು ಸಾಕು.

ಹೆಸರು ಒಂದೇ, ಒಳಗೆ ಬೇರೆ ಅನ್ನೋದಕ್ಕೆ ಇನ್ನೊಂದು ಉದಾಹರಣೆ ಮೋಸ್ಟ್ ವಾಂಟೆಡ್. ನೀಡ್ ಫಾರ್ ಸ್ಪೀಡ್ ಅನ್ನೋ ಕಾರ್ ರೇಸ್ ಸಾಲಿನ ಈ 2005ರ ಆಟದಲ್ಲಿ ಶುರುವಿನಲ್ಲೇ ರೇಜರ್ ಅನ್ನೋನು ಮೋಸ ಮಾಡಿ ನಿಮ್ಮ ಬಿಎಂಡಬ್ಲ್ಯೂ ಎಂ3 ಜಿಟಿಆರ್ ಹೊಡ್ಕೊಂಡು ಹೋಗ್ತಾನೆ. ಆ ಕಾರು ವಾಪಸ್ ಪಡೆಯೋಕೆ ಬ್ಲ್ಯಾಕ್‌ಲಿಸ್ಟ್ ಅನ್ನೋ ರೇಸರ್‌ಗಳ ಪಟ್ಟಿಯ 15 ಜನರನ್ನ ಒಬ್ಬೊಬ್ಬರಾಗಿ ಸೋಲಿಸಬೇಕು. ರೊಚ್ಚಿಗೆದ್ದು ಆಡ್ತಿದ್ದೆವು. 2012ರಲ್ಲಿ ಅದೇ ಹೆಸರಿನ ಆಟ ಬಂತು, ಅದರಲ್ಲಿ ಕಾರುಗಳು ಊರ ತುಂಬಾ ಸುಮ್ನೆ ನಿಂತಿರುತ್ತವೆ, ಹತ್ತಿರ ಹೋಗಿ ಬಟನ್ ಒತ್ತಿದರೆ ನಿಮ್ಮದು. ಓಡಿಸೋಕೆ ಏನೂ ಕೊರತೆಯಿಲ್ಲ, ಮಾಡಿದ ಕ್ರೈಟೀರಿಯನ್ ತಂಡ ಬರ್ನ್‌ಔಟ್ ಅನ್ನೋ ಕಾರಿನ ಆಟ ಮಾಡಿದವರು, ಅವರಿಗೆ ಕಾರು ಗೊತ್ತು. ಆದರೆ ಹೆಚ್ಚಿನ ಕಾರೆಲ್ಲ ಬೀದೀಲಿ ನಿಂತಿರುವಾಗ ಯಾವ ಕಾರಿಗೆ ಅಂತ ಹೊಟ್ಟೆ ಉರಿಸ್ಕೋಬೇಕು? ಬೇರೆ ಹೆಸರು ಇಟ್ಟಿದ್ದರೆ ನಾನೇ ಹೊಗಳ್ತಿದ್ದೆ.

ಇನ್ನು ಪ್ರಾಜೆಕ್ಟ್ ಐಜಿಐ. ಇದನ್ನ ಬಿಟ್ಟರೆ ಗೆಳೆಯರು ನನ್ನನ್ನ ಗುಂಪಿನಿಂದ ತೆಗೀತಾರೆ. ನಾರ್ವೆಯ ಇನ್ನರ್‌ಲೂಪ್ ಅನ್ನೋ ಸಣ್ಣ ಕಂಪನಿ ಮಾಡಿದ ಆಟ, 2000ದ ಕೊನೆಯಲ್ಲಿ ಬಂತು, ಒಂದೇ ಸೀಡಿ. ನಮ್ಮ ಕಡೆ ಸೈಬರ್ ಕೆಫೆಗೆ ಹೋದರೆ ಅದು ಇಲ್ಲದ ಕಂಪ್ಯೂಟರ್ ಕಾಣ್ತಿರಲಿಲ್ಲ. ಶತ್ರುಗಳ ನೆಲೆಗೆ ಒಬ್ಬನೇ ನುಗ್ಗೋ ಆಟ, ಅದರಲ್ಲಿ ಮಿಷನ್ ನಡುವೆ ಸೇವ್ ಮಾಡೋಕೆ, ಅಂದರೆ ಆಡಿದಷ್ಟನ್ನ ಉಳಿಸಿಕೊಳ್ಳೋಕೆ ಆಗಲ್ಲ. ಈಗ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ನೆನೆಸಿಕೊಳ್ಳಿ. ಹೊರಗೆ 42 ಡಿಗ್ರಿ. ತೆವಳಿಕೊಂಡು ಹೋಗಿ, ಕ್ಯಾಮೆರಾ ಬಂದ್ ಮಾಡಿ, ಸೈರನ್ ಬಟನ್ ಕಡೆ ಓಡುವವನನ್ನ ಮೊದಲು ಕೆಡವಿ, ಇಲ್ಲದಿದ್ದರೆ ಎಲ್ಲಿಂದಲೋ ಸಾಲಾಗಿ ಬರ್ತಾನೇ ಇರ್ತಾರೆ, ಇನ್ನೇನು ಕೊನೇ ಕೋಣೆ ಅನ್ನುವಾಗ ಕರೆಂಟ್ ಹೋಗೋದು. ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಗೋದು. ಮತ್ತೆ ಮೊದಲಿಂದ.

2003ರ ಐಜಿಐ 2ರಲ್ಲಿ ಸೇವ್ ಬಂತು, ಅದೂ ಎಣಿಸಿ ಇಷ್ಟೇ ಅಂತ. ಬ್ಯಾಂಕಿನವನು ಇವತ್ತಿಗೂ ಅಂತಾನೆ, ಸೇವ್ ಬಂದ ಮೇಲೆ ಮಜಾ ಹೋಯಿತು ಅಂತ. ಅವರ ಮನೇಲಿ ಇನ್ವರ್ಟರ್ ಇತ್ತು, ಹೇಳ್ತಾನೆ! ನನ್ನ ಪ್ರಕಾರ ಅದು ಆ ಆಟಕ್ಕೆ ಆದ ಅತಿ ಒಳ್ಳೇ ಬದಲಾವಣೆ. ಕಷ್ಟ ಇದ್ದದ್ದೆಲ್ಲ ಒಳ್ಳೇದಲ್ಲ, ಕೆಲವು ಸುಮ್ನೆ ಕಷ್ಟ. ಐಜಿಐ ಒರಿಜಿನ್ಸ್ ಅಂತ ಹೊಸದೊಂದನ್ನ 2019ರಲ್ಲಿ ಘೋಷಿಸಿದರು. ಗುಂಪಿನಲ್ಲಿ ಹಬ್ಬ ಮಾಡಿದೆವು. ಆಟ ಮಾತ್ರ ಕೈಗೆ ಬರಲಿಲ್ಲ.

ಮಾಸ್ತರ್ ಗೆಳೆಯನದು ಬೇರೆ ಪಂಗಡ, ಅವನು ಪ್ರಿನ್ಸ್ ಆಫ್ ಪರ್ಷಿಯಾ ಭಕ್ತ. 1989ರ ಮೊದಲ ಆಟವನ್ನ ಜೋರ್ಡನ್ ಮೆಕ್ನರ್ ಹೆಚ್ಚು ಕಮ್ಮಿ ಒಬ್ಬನೇ ಕೂತು ಮಾಡಿದ್ದು. ತಮ್ಮನನ್ನ ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರ ನೋಡಿ ಬರೆದ. ಅದಕ್ಕೇ ಆ ರಾಜಕುಮಾರ ಮನುಷ್ಯನ ಹಾಗೆ ಓಡ್ತಾನೆ, ಓಡಿ ಬಂದವನು ಗಕ್ಕನೆ ನಿಲ್ಲಲ್ಲ, ಒಂದು ಹೆಜ್ಜೆ ಜಾರಿ ನಿಲ್ತಾನೆ, ಆ ಒಂದು ಹೆಜ್ಜೆಗೇ ಕೆಳಗಿನ ಮುಳ್ಳಿಗೆ ಬಿದ್ದು ಸತ್ತವರು ನಾವು. ಪೂರ್ತಿ ಆಟಕ್ಕೆ 60 ನಿಮಿಷ ಟೈಮು. ಶಾಲೆಯ ಕಂಪ್ಯೂಟರ್ ಪೀರಿಯಡ್ 40 ನಿಮಿಷ. ಲೆಕ್ಕ ನೀವೇ ಹಾಕಿ.

2024ರ ಜನವರಿಯಲ್ಲಿ ದಿ ಲಾಸ್ಟ್ ಕ್ರೌನ್ ಬಂದಾಗ ಇವನು ಮೊದಲು ಮುಖ ತಿರುಗಿಸಿದ. ಹೀರೋ ರಾಜಕುಮಾರನೇ ಅಲ್ಲ, ಸರ್ಗೋನ್ ಅನ್ನೋ ಯೋಧ. ಕುಣಿದಾಡ್ತಾನೆ, ಗಾಳಿಯಲ್ಲೇ ನುಗ್ತಾನೆ. ಆದರೂ ಎರಡು ದಿನ ಗುಂಪಿನಲ್ಲಿ ಇವನ ಸುಳಿವೇ ಇಲ್ಲ. ಆಮೇಲೆ ಮೆಸೇಜ್ ಬಂತು: "ಮುಳ್ಳು ಅವ, ಗೇಟ್ ಅವ, ಜಾರಿ ಬೀಳೋದೂ ಅದ. ಇದು ನಮ್ಮದೇ." ಅದರಲ್ಲಿ ಅವನು ಹೆಚ್ಚು ಹೊಗಳಿದ್ದು ಒಂದು ಸಣ್ಣ ಸೌಲಭ್ಯವನ್ನ. ದಾಟೋಕೆ ಆಗದ ಜಾಗ ಸಿಕ್ಕರೆ ಅಲ್ಲೇ ಅದರ ಚಿತ್ರ ತೆಗೆದು ಮ್ಯಾಪಿಗೆ ಅಂಟಿಸಬಹುದು, ಆಮೇಲೆ ಶಕ್ತಿ ಬಂದಾಗ ನೋಡಿಕೊಂಡು ವಾಪಸ್ ಹೋಗಬಹುದು. ಕೆಲಸ, ಮನೆ, ಮಕ್ಕಳು ಅಂತ ವಾರಕ್ಕೊಮ್ಮೆ ಕೂರುವ ನಮ್ಮಂಥವರಿಗೆ ಇದು ವರ. ಪಾತ್ರಗಳ ಮಾತನ್ನ ಪಾರ್ಸಿಯಲ್ಲೇ ಕೇಳಬಹುದು. ಅದರ ಗೋಡೆಗಳ ಹೆಂಚು, ಕಮಾನು ನೋಡಿ ಇವನಿಗೆ ಬೀದರ್‌ನ ಮದರಸಾ ನೆನಪಾಯಿತಂತೆ. ಆಗದೆ ಏನು, ಅದನ್ನ 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಪರ್ಷಿಯಾದ ಗೀಲಾನ್‌ನಿಂದ ಬಂದವನೇ, ಆ ನೀಲಿ ಹೆಂಚುಗಳು ಗೋಡೆಯ ಮೇಲೆ ಇನ್ನೂ ಅಲ್ಲಲ್ಲಿ ಉಳಿದಿವೆ.

ಬೇಜಾರಿನ ಸಂಗತಿ ಏನಂದ್ರೆ, ವಿಮರ್ಶಕರು ಅಷ್ಟು ಹೊಗಳಿದ ಈ ಆಟ ಕಂಪನಿ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅದೇ ವರ್ಷ ತಂಡದವರನ್ನ ಬೇರೆ ಬೇರೆ ಕೆಲಸಕ್ಕೆ ಹಂಚಿಬಿಟ್ಟರು. ಹಳೇ ಥರ ಮಾಡಿ, ಹಳೇ ಥರ ಮಾಡಿ ಅಂತ ಕೂಗೋದು ನಾವು, ಮಾಡಿದಾಗ "ಆಫರ್ ಬರಲಿ" ಅಂತ ಕಾಯೋದೂ ನಾವೇ.

ಇಷ್ಟೆಲ್ಲ ಇಷ್ಟ, ಇಷ್ಟ ಇಲ್ಲ ಅನ್ನೋ ಮಾತು. ಇದಕ್ಕೆ ನನಗೆ ಸಿಟ್ಟಿಲ್ಲ. ರೋಗ್ ಕೋರ್ ಕೆಟ್ಟದಾಗಿತ್ತು, ನಾನು ಹಳೇ ಕಾಂಟ್ರಾ ಆಡಿದೆ, ಮುಗೀತು. ನನಗೆ ಸಿಟ್ಟು ಬರೋದು ಹೊಸದು ಬಂದು ಹಳೇದನ್ನ ನುಂಗಿದಾಗ.

ಎರಡು ತಂಡ ಆನ್‌ಲೈನ್‌ನಲ್ಲಿ ಗುಂಡು ಹಾರಿಸಿಕೊಳ್ಳೋ ಕೌಂಟರ್ ಸ್ಟ್ರೈಕ್ ನೋಡಿ. ಅದರ 2012ರ ಭಾಗ ಗ್ಲೋಬಲ್ ಅಫೆನ್ಸಿವ್ ಆಡ್ತಿದ್ದವರೆಲ್ಲ 2023ರ ಸೆಪ್ಟೆಂಬರ್ 27ರಂದು ಕಂಪ್ಯೂಟರ್ ಆನ್ ಮಾಡಿದರೆ ಅದರ ಜಾಗದಲ್ಲಿ ಕೌಂಟರ್ ಸ್ಟ್ರೈಕ್ 2 ಕೂತಿತ್ತು. ಬೇಕಾ ಬೇಡವಾ ಅಂತ ಕೇಳೋದೇ ಇಲ್ಲ. ಮ್ಯಾಕ್ ಇದ್ದವರಿಗೆ ಬಾಗಿಲು ಬಂದ್. ಅದರೊಳಗೆ ಆಡುವ ಬೇರೆ ಬೇರೆ ಬಗೆಗಳಿದ್ದವಲ್ಲ, ಅದರಲ್ಲಿ ಡೇಂಜರ್ ಝೋನ್ ಮಾಯ. ಆರ್ಮ್ಸ್ ರೇಸ್ ವಾಪಸ್ ಬರೋಕೆ ಮುಂದಿನ ವರ್ಷ ಆಯಿತು. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇದ್ದವನು ಹೊಗೆ ಬಾಂಬಿನ ಹೊಗೆ ಎಷ್ಟು ಚಂದ ಅಂತ ನೋಡ್ತಾನೆ, ಆ ಹೊಗೆಗೆ ಗುಂಡು ಹೊಡೆದರೆ ತೂತು ಬೀಳುತ್ತದೆ, ನಿಜಕ್ಕೂ ಜಾಣ ಕೆಲಸ. ನಮ್ಮ ಅಂಗಡಿಯವನ ಹಳೇ ಐ3 ಮೇಲೆ ಮಾತ್ರ ಆಟವೇ ಹೊಗೆ. ನಿನ್ನೆವರೆಗೂ ಓಡ್ತಿದ್ದ ಆಟ ಇವತ್ತು ಓಡಲ್ಲ ಅಂದರೆ ಅವನೇನು ಮಾಡಬೇಕು? ಅವನು ಕೌಂಟರ್ ಸ್ಟ್ರೈಕ್‌ನ ಹಳೇ 1.6 ಆವೃತ್ತಿಗೆ ವಾಪಸ್ ಹೋದ. ಅದೃಷ್ಟಕ್ಕೆ ಅದನ್ನ ಯಾರೂ ಮುಟ್ಟಿಲ್ಲ, ಡಸ್ಟ್ 2 ಅನ್ನೋ ಮ್ಯಾಪ್ ಹಾಗೇ ಇದೆ.

ಸೈನ್ಯ ಕಟ್ಟಿ ಯುದ್ಧ ಮಾಡೋ ವಾರ್‌ಕ್ರಾಫ್ಟ್ 3ರ ಕಥೆಯೂ ಅಷ್ಟೇ. 2020ರ ಜನವರಿಯಲ್ಲಿ ಅದರ ಹೊಸ ಆವೃತ್ತಿ ರೀಫೋರ್ಜ್ಡ್ ಬಂತು, ಅದನ್ನ ಕೊಳ್ಳದೆ ಹಳೇ ಆಟವನ್ನೇ ಇಟ್ಟುಕೊಂಡಿದ್ದವರಿಗೂ ಅದರ ಅಪ್‌ಡೇಟ್ ಬಂದು ಕೂತಿತು. ಮರುವರ್ಷ ನವೆಂಬರ್‌ನಲ್ಲಿ ಜಿಟಿಎ, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೋ ಸರದಿ. ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಸೇರಿ ಮೂರು ಆಟಗಳ ಹೊಸ ಆವೃತ್ತಿ ತರೋಕೆ ಮುಂಚೆ ಹಳೇವನ್ನ ಆನ್‌ಲೈನ್ ಅಂಗಡಿಯಿಂದ ತೆಗೆದೇಬಿಟ್ಟರು. ಹೊಸದರಲ್ಲಿ ಮಳೆ ಬಂದರೆ ಬಿಳೀ ಗೆರೆ ಬಿಟ್ಟು ಏನೂ ಕಾಣ್ತಿರಲಿಲ್ಲ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರಕ್ಕೆ ಮಂಜು ಕವಿದಿರುತ್ತಿತ್ತಲ್ಲ, ಅದನ್ನ ತೆಗೆದಿದ್ದರಿಂದ ಇಡೀ ರಾಜ್ಯ ಒಂದು ತಾಲೂಕಿನಷ್ಟು ಕಾಣ್ತಿತ್ತು. ಡೋನಟ್ ಅಂಗಡಿಯ ಮೇಲೆ ಆರು ಮೂಲೆಯ ನಟ್ ಒಂದಿತ್ತು, ಹೆಸರಿನ ತಮಾಷೆಯೇ ಅದು. ಕಂಪ್ಯೂಟರ್ ಅದರ ಮೂಲೆಗಳನ್ನೆಲ್ಲ ಉಜ್ಜಿ ಗುಂಡಗೆ ಮಾಡಿತ್ತು, ಯಾರೂ ಕಣ್ಣು ಹಾಯಿಸಿರಲಿಲ್ಲ. ಬೈಗುಳ ಜಾಸ್ತಿಯಾದ ಮೇಲೆ ಕಂಪನಿ ಕ್ಷಮೆ ಕೇಳಿ ಪಿಸಿಯ ಹಳೇ ಆಟಗಳನ್ನ ವಾಪಸ್ ಇಟ್ಟಿತು. ಮೊದಲೇ ತೆಗೀದಿದ್ದರೆ ಆಗ್ತಿರಲಿಲ್ಲವಾ?

ಹೀಗೆ ಮಾಡದೆಯೂ ಬದುಕಬಹುದು ಅನ್ನೋದಕ್ಕೆ ರಾಜ್ಯ ಕಟ್ಟಿ ಯುದ್ಧ ಮಾಡೋ ಏಜ್ ಆಫ್ ಎಂಪೈರ್ಸ್ ಸಾಕ್ಷಿ. ಎರಡನೆಯದು 1999ರದ್ದು. ಅದನ್ನ 2019ರಲ್ಲಿ ತಿದ್ದಿ ತಂದರು, ಹೊಲ ತಾನಾಗೇ ಮತ್ತೆ ಬಿತ್ತನೆಯಾಗೋ ಹಾಗೆ ಮಾಡಿದರು, ಉಳಿದದ್ದಕ್ಕೆ ಹೆಚ್ಚು ಕೈ ಹಚ್ಚಲಿಲ್ಲ. 2021ರಲ್ಲಿ ನಾಲ್ಕನೆಯದು ಬಂತು, ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. 2022ರಲ್ಲಿ ಎರಡನೆಯದಕ್ಕೇ ಭಾರತದ ರಾಜವಂಶಗಳನ್ನ ಸೇರಿಸಿದರು, ದ್ರಾವಿಡರು, ಬಂಗಾಳಿಗಳು, ಗುರ್ಜರರು. ಬಹಮನಿ ಅಂತ ಬೇರೆ ಇಲ್ಲ. 1347ರಿಂದ ರಾಜಧಾನಿಯಾಗಿದ್ದ ಊರಿನವರು ನಾವು, ಕೋಟೆಯಲ್ಲಿ ಅಷ್ಟುದ್ದದ ತೋಪು ಇಟ್ಟುಕೊಂಡಿದ್ದೀವಿ, ಮುಂದಿನ ಸಲ ನಮ್ಮನ್ನೂ ಸೇರಿಸಿ ಮಾರಾಯ್ರೆ.

ಎಲ್ಲಕ್ಕಿಂತ ವಿಚಿತ್ರ ಅಂದರೆ ಇಎ ಕ್ರಿಕೆಟ್ 07. 2006ರ ಕೊನೆಯಲ್ಲಿ ಬಂತು, ಆಮೇಲೆ ಕಂಪನಿ ಆ ಸಾಲನ್ನೇ ಬಿಟ್ಟಿತು. ಮುಂದಿನ ಭಾಗವೇ ಇಲ್ಲ. ಲೈಸೆನ್ಸ್ ಇಲ್ಲದ ಕಾರಣ ನಮ್ಮ ಆಟಗಾರರ ಹೆಸರೂ ಅದರಲ್ಲಿ ನೆಟ್ಟಗಿರಲಿಲ್ಲ. ಐಪಿಎಲ್ ಹುಟ್ಟಿದ್ದು 2008ರಲ್ಲಿ. ಆದರೂ ಆ ಆಟದಲ್ಲಿ ಐಪಿಎಲ್ ಇದೆ, ಹೊಸ ಜರ್ಸಿ ಇದೆ, ಹೊಸ ಹುಡುಗರು ಇದ್ದಾರೆ, ಯಾಕಂದ್ರೆ ಆಡುವವರೇ ಕೂತು ಪ್ಯಾಚ್, ಅಂದರೆ ಆಟಕ್ಕೆ ಹೊಸದು ಸೇರಿಸೋ ಫೈಲ್ ಮಾಡಿ ಹಂಚ್ತಾರೆ. ಕಾಮೆಂಟರಿಗೆ ಮಾತ್ರ ಇನ್ನೂ ರಿಚೀ ಬೆನೋ. ಅವರು 2015ರಲ್ಲೇ ತೀರಿಕೊಂಡರು, ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಮೊನ್ನೆ ತಂಡ ಸೇರಿದ ಹುಡುಗನ ಸಿಕ್ಸರ್‌ಗೆ ಮೆಚ್ಚುಗೆ ಹೇಳ್ತಿದ್ದಾರೆ. ಯಾವ ಕಂಪನಿಯೂ ಇಷ್ಟು ಚಂದ ಸೀಕ್ವೆಲ್ ಮಾಡಿಲ್ಲ ಅಂತ ನನ್ನ ವಾದ. ಬ್ಯಾಂಕಿನವನು ಒಪ್ಪಲ್ಲ, ಅದು ಸೀಕ್ವೆಲ್ ಅಲ್ಲ ಜುಗಾಡ್ ಅಂತಾನೆ. ಇರಲಿ.

ಸದ್ಯಕ್ಕೆ ಗುಂಪಿನಲ್ಲಿ ಜಿಟಿಎ 6 ಜಗಳ ನಡೀತಿದೆ. ಮತ್ತೆ ವೈಸ್ ಸಿಟಿಗೇ ಹೋಗ್ತಾರೆ ಅನ್ನೋದಕ್ಕೆ ಎಲ್ಲರಿಗೂ ಖುಷಿ. ಘೋಷಿಸಿರೋದು ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್‌ಗೆ, ಪಿಸಿ ಹೆಸರೇ ಎತ್ತಿಲ್ಲ. ನಮ್ಮ ಅಕ್ಕನ ಮಗ ಕೇಳಿದ, "ಮಾಮಾ, ಇಷ್ಟೆಲ್ಲ ಕಾಯೋ ಬದ್ಲು ಆ ಹಳೇದನ್ನೇ ಒಮ್ಮೆ ಹಾಕಿಕೊಡ್ರಿ, ಅದರಾಗ ಏನದ ನೋಡ್ತೀನಿ." ಹಾಕಿಕೊಟ್ಟೆ. ಐದೇ ನಿಮಿಷಕ್ಕೆ ಬೈಕ್ ಸಮೇತ ನೀರಿಗೆ ಬಿದ್ದು ಸತ್ತ, ವೈಸ್ ಸಿಟಿಯ ಹೀರೋ ಟಾಮಿಗೆ ಈಜು ಬರಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಬೈದ, ನಕ್ಕ, ಮತ್ತೆ ಶುರು ಮಾಡಿದ. ಚೀಟ್ ಕೋಡ್ ಇನ್ನೂ ಹೇಳಿಲ್ಲ ನಾನು.