ಪಿಯುಸಿಗೆ ಮ್ಯಾಥ್ಸ್ ತಗೋಬೇಕಾ, ಬೇಡ್ವಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಹಾಸನದಲ್ಲಿ ನನಗೆ ಎದುರಾಗುವ ಪ್ರಶ್ನೆ ಇದೊಂದೇ. "ಸಾರ್, ಮಗಳಿಗೆ ಮ್ಯಾಥ್ಸ್ ಕೊಡಿಸೋದಾ, ಬಿಡಿಸೋದಾ?" ನಾನು ಪಿಯು ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್ ಮಾಡುವವನು. ಎಲ್ಲರೂ ತಗೊಂಡರೆ ನನಗೇ ಲಾಭ. ಅದನ್ನು ತಲೆಯಲ್ಲಿಟ್ಟುಕೊಂಡೇ ಮುಂದಕ್ಕೆ ಓದಿ.

ಬೀಜಗಣಿತದಲ್ಲಿ ಕೈ ಪಳಗಿದ್ದರೆ ತಗೊಳ್ಳಲಿ. ಪಳಗಿಲ್ಲ ಅಂದರೆ, ಅಂಕಪಟ್ಟಿಯಲ್ಲಿ 95 ಇದ್ದರೂ ಇನ್ನೊಮ್ಮೆ ಯೋಚಿಸಿ.

ಅಂಕ ಅಷ್ಟು ಬಂದ ಮೇಲೆ ಇನ್ನೇನು ಯೋಚನೆ ಅಂತೀರಾ? ಎಸ್ಸೆಸ್ಸೆಲ್ಸಿ ಪೇಪರ್ ಎಂಥದ್ದೆಂದು ನಿಮಗೂ ಗೊತ್ತು. ಥೇಲ್ಸ್ ಪ್ರಮೇಯ, ಗ್ರಾಫ್, ಹಳೇ ಪ್ರಶ್ನೆಪತ್ರಿಕೆ ಅಂತ ತಿದ್ದಿ ತಿದ್ದಿ ಬರೆಸಿದರೆ ಅಂಕ ಬಂದೇ ಬರುತ್ತೆ. ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್, ಮುಂದಿರುವವರಿಗೆ ನೂರಕ್ಕೆ ನೂರರ ಪ್ಯಾಕೇಜ್. ಇದರಲ್ಲಿ ತಪ್ಪೇನಿಲ್ಲ. ಆದರೆ ಪಿಯುನಲ್ಲಿ ಬೀಜಗಣಿತವನ್ನು ಯಾರೂ ಕೂರಿಸಿಕೊಂಡು ಕಲಿಸೋದಿಲ್ಲ, ಬರುತ್ತೆ ಅಂದುಕೊಂಡೇ ಪಾಠ ಶುರು ಮಾಡುತ್ತಾರೆ. ಸೆಕೆಂಡ್ ಪಿಯು ಇಂಟಿಗ್ರೇಷನ್‌ನಲ್ಲಿ ಮುಗ್ಗರಿಸುವ ಮಕ್ಕಳ ಪುಸ್ತಕ ನೋಡಿ. ಇಂಟಿಗ್ರೇಷನ್ ಸರಿಯಾಗೇ ಇರುತ್ತೆ, ಅದಕ್ಕೆ ಮೊದಲು ಭಿನ್ನರಾಶಿ ಬಿಡಿಸುವಾಗ ಚಿಹ್ನೆ ತಪ್ಪಿರುತ್ತೆ.

ಅದಕ್ಕೇ ಬಂದವರಿಗೆ ಒಂದು ಸಂಜೆಯ ಕೆಲಸ ಹೇಳುತ್ತೇನೆ. ಛೇದದಲ್ಲಿ ಅಕ್ಷರ ಇರುವ ಎರಡು ಭಿನ್ನರಾಶಿ ಕೊಟ್ಟು ಕೂಡಿಸಲು ಹೇಳಿ. ಒಂಬತ್ತನೇ ಕ್ಲಾಸಿನ ಚಲನೆಯ ಸೂತ್ರ ಕೊಟ್ಟು ವೇಗೋತ್ಕರ್ಷ ಒಂದನ್ನೇ ಒಂದು ಕಡೆಗೆ ತರಲು ಹೇಳಿ. ಆಮೇಲೆ ಮಾತಿನಲ್ಲಿರುವ ಒಂದು ಲೆಕ್ಕವನ್ನು ಸಮೀಕರಣ ಮಾಡಲಿ. ಉತ್ತರ ತಪ್ಪಾದರೆ ಗಾಬರಿ ಬೇಡ. ಎಲ್ಲಿ ತಪ್ಪಾಯಿತು ಅಂತ ತಾನೇ ಹುಡುಕಲು ಕೂರುತ್ತಾಳಾ, ಇಲ್ಲ "ಇದು ಪೋರ್ಷನ್‌ನಲ್ಲಿ ಇರ್ಲಿಲ್ಲ" ಅಂತ ಪುಸ್ತಕ ಮುಚ್ಚುತ್ತಾಳಾ, ಅದನ್ನು ನೋಡಿ. ನನಗಂತೂ ಅಂಕಪಟ್ಟಿಗಿಂತ ಇದರ ಮೇಲೇ ನಂಬಿಕೆ ಜಾಸ್ತಿ.

ಕನ್ನಡ ಮಾಧ್ಯಮದವರ ಭಯ ಬೇರೆ. ಅದಕ್ಕೆ ನಾನು ಅಷ್ಟು ಬೆಲೆ ಕೊಡೋದಿಲ್ಲ. ಇಂಗ್ಲಿಷಿಗೆ ಹೊರಳುವಾಗ ಹೆಚ್ಚು ಒದ್ದಾಡಿಸುವುದು ಬಯಾಲಜಿ. ಮ್ಯಾಥ್ಸ್ ಪುಟದಲ್ಲಿ ಓದಬೇಕಾದ ಮಾತೇ ಕಡಿಮೆ ಅಲ್ವಾ?

ಇನ್ನು ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅನ್ನೋದು. ನೀಟ್‌ಗೆ ಬೇಡ. ಅದರ 720 ಅಂಕದಲ್ಲಿ 360 ಬಯಾಲಜಿಯದೇ, ಉಳಿದದ್ದು ಫಿಸಿಕ್ಸ್, ಕೆಮಿಸ್ಟ್ರಿ. ಎಂಜಿನಿಯರಿಂಗ್‌ಗೆ ಬೇಕೇ ಬೇಕು. ಸಿಇಟಿಯಲ್ಲಿ ಮ್ಯಾಥ್ಸ್‌ಗೆ 60 ಅಂಕ. ಜೊತೆಗೆ ರ್‍ಯಾಂಕಿನ ಅರ್ಧ ಭಾಗ ಬೋರ್ಡ್ ಪರೀಕ್ಷೆಯಿಂದ ಬರುತ್ತೆ. ಅಂದರೆ ಇದೇ ವಿಷಯ ಎರಡು ಕಡೆ ಎತ್ತುತ್ತೆ, ಇಲ್ಲಾ ಎರಡು ಕಡೆ ಬೀಳಿಸುತ್ತೆ. ಸೇನಾಧಿಕಾರಿಯಾಗಲು ಎನ್‌ಡಿಎ ಸೇರುವ ಕನಸಿರುವವರು ಒಂದು ವಿಷಯ ಗಮನಿಸಿ: ಭೂಸೇನೆಗೆ ಯಾವ ಕಾಂಬಿನೇಷನ್ ಆದರೂ ನಡೆಯುತ್ತೆ, ಆದರೆ ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಮ್ಯಾಥ್ಸ್‌ದು.

"ಇಷ್ಟೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್?" ಅಂತ ಮಕ್ಕಳು ಕೇಳಿದರೆ ಸಾಲಗಾಮೆ ರಸ್ತೆ ತೋರಿಸುತ್ತೇನೆ. ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ, 1982ರಿಂದ ಅಲ್ಲೇ ಇದೆ. ಸಂವಹನ ಉಪಗ್ರಹವನ್ನು ರಾಕೆಟ್ ಮೊದಲು ಉದ್ದನೆಯ ಅಂಡಾಕಾರದ ದಾರಿಯಲ್ಲಿ ಬಿಟ್ಟು ಬರುತ್ತೆ. ಆಮೇಲೆ ಅದು ಭೂಮಿಯಿಂದ ಅತಿ ದೂರ ಇರುವಾಗ ಎಂಜಿನ್ ಉರಿಸಿ ಉರಿಸಿ, ಸುಮಾರು 36,000 ಕಿ.ಮೀ. ಎತ್ತರದ ದುಂಡು ಕಕ್ಷೆಗೆ ತರುತ್ತಾರೆ. ಆ ಆದೇಶ ಹೋಗುವುದು ನಮ್ಮ ಹಾಸನದಿಂದ. ಫಸ್ಟ್ ಪಿಯುನಲ್ಲಿ "ಬರೀ ಎಕ್ಸಾಮಿಗೆ" ಅಂತ ಓದುವ ಎಲಿಪ್ಸ್ ಅಂದರೆ ಆ ಅಂಡಾಕಾರದ ದಾರಿಯೇ.

ನನಗೆ ಒಪ್ಪಿಗೆಯಾಗದ ಮಾತು "ಮ್ಯಾಥ್ಸ್, ಬಯಾಲಜಿ ಎರಡೂ ಇರ್ಲಿ ಬಿಡಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಸೇಫ್" ಅನ್ನೋದು. ನೀಟ್ ಬಿಟ್ಟು ಬೇರೆ ಯೋಚನೆಯೇ ಇಲ್ಲದ ಹುಡುಗನಿಗೆ ಮ್ಯಾಥ್ಸ್ ದಿನಾ ಗಂಟೆಗಟ್ಟಲೆ ತಿನ್ನುತ್ತೆ. ಬರೆದು ಬರೆದೇ ಕಲಿಯಬೇಕಾದ ವಿಷಯ ಅದು, ಬಸ್ಸಿನಲ್ಲಿ ಕೂತು ತಿರುವಿ ಹಾಕೋಕೆ ಆಗೋದಿಲ್ಲ. ಹಾಗಂತ ಬಿಡೋಣ ಅಂದರೆ ಇನ್ನೊಂದು ತೊಡಕು. ಎಷ್ಟೋ ಕಾಲೇಜಿನಲ್ಲಿ ಸೈನ್ಸ್ ಅಂದರೆ ಪಿಸಿಎಂಬಿ, ಇಲ್ಲಾ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ, ಎರಡೇ. ನಾಲ್ಕನೇ ವಿಷಯಕ್ಕೆ ಬೇರೆ ಏನೂ ಇಲ್ಲದಿದ್ದರೆ ಮ್ಯಾಥ್ಸ್ ಬರೆಯಲೇಬೇಕು. ಆಗ ಪಾಸಾಗುವಷ್ಟು ಓದಿ, ಉಳಿದ ಸಮಯ ಬಯಾಲಜಿಗೆ ಕೊಡಲಿ. ನೀಟ್‌ನವರು ಮ್ಯಾಥ್ಸ್ ಅಂಕ ಕೇಳುವುದಿಲ್ಲ. ಮನೆಯವರು ಮಾತ್ರ ಕೇಳುತ್ತಾರೆ!

ಮ್ಯಾಥ್ಸ್ ಬಿಟ್ಟವರಿಗೂ ಫಿಸಿಕ್ಸ್ ತಪ್ಪಿದ್ದಲ್ಲ. ಫಸ್ಟ್ ಪಿಯು ಫಿಸಿಕ್ಸ್‌ನಲ್ಲಿ ಚಲನೆಯ ಪಾಠ ಶುರುವಿಗೇ ಬರುತ್ತೆ, ಬೋರ್ಡಿನ ಮೇಲೆ ಡಿವಿ ಬೈ ಡಿಟಿ (ವೇಗ ಬದಲಾಗುವ ದರ, ಅದೊಂದು ಡೆರಿವೇಟಿವ್) ಬಂದುಬಿಡುತ್ತೆ. ಮ್ಯಾಥ್ಸ್ ಪುಸ್ತಕದಲ್ಲಿ ಡೆರಿವೇಟಿವ್ ಇರುವುದು ಕೊನೆಯ ಪಾಠಗಳಲ್ಲಿ! ತಗೊಂಡವರೇ ಆರಂಭದಲ್ಲಿ ಕಣ್ಣು ಕಣ್ಣು ಬಿಡುತ್ತಾರೆ, ಇನ್ನು ಬಿಟ್ಟವರ ಪಾಡೇನು? ಬಿಡುವುದಾದರೆ ರಜೆಯಲ್ಲೇ ಡೆರಿವೇಟಿವ್, ವೆಕ್ಟರ್, ತ್ರಿಕೋನಮಿತಿ ಇಷ್ಟನ್ನು ಯಾರ ಹತ್ತಿರವಾದರೂ ಹೇಳಿಸಿಕೊಳ್ಳಲಿ.

ಕಾಮರ್ಸ್ ಕಡೆ ಈ ಪ್ರಶ್ನೆ ಯಾರೂ ಕೇಳುವುದೇ ಇಲ್ಲ. ಕೇಳಬೇಕು ಅನ್ನೋದು ನನ್ನ ಆಸೆ. ಮ್ಯಾಥ್ಸ್ ತಪ್ಪಿಸಿಕೊಳ್ಳೋಕೇ ಕಾಮರ್ಸಿಗೆ ಹೋಗಿ, ಅಲ್ಲಿಂದ ಸಿಎ ಅನ್ನುತ್ತಾರೆ. ಸಿಎಗೆ ಮೊದಲ ಮೆಟ್ಟಿಲಾದ ಫೌಂಡೇಷನ್ ಪರೀಕ್ಷೆಯ ನಾಲ್ಕು ಪೇಪರಿನಲ್ಲಿ ಒಂದು, 100 ಅಂಕದ್ದು, ಬಿಸಿನೆಸ್ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್, ಲಾಜಿಕಲ್ ರೀಸನಿಂಗ್. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ ಕೂಡ. ಪಿಯುನಲ್ಲಿ ಬೇಸಿಕ್ ಮ್ಯಾಥ್ಸೋ ಸ್ಟ್ಯಾಟಿಸ್ಟಿಕ್ಸೋ ಓದಿದವರಿಗೆ ಅಲ್ಲಿ ಅರ್ಧ ಹೊರೆ ಇಳಿದಿರುತ್ತೆ. ಸಿಎ ಬೇಡ, ಅರ್ಥಶಾಸ್ತ್ರವನ್ನೇ ಆಳವಾಗಿ ಓದುತ್ತೇನೆ ಅನ್ನುವವರಿಗೂ ಇದೇ ಮಾತು. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ ಮ್ಯಾಥ್ಸ್ ಇಲ್ಲದೆ ಸೀಟಿಲ್ಲ.

ಆದರೆ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಎಲ್ಲ ಕಾಲೇಜಿನಲ್ಲೂ ಇರೋದಿಲ್ಲ. ಆಲೂರು, ಸಕಲೇಶಪುರದ ಕಡೆಯವರು ಅರ್ಜಿ ಹಾಕುವ ಮೊದಲೇ ಕಾಲೇಜಿನ ಆಫೀಸಿನಲ್ಲಿ ವಿಚಾರಿಸಿ. ಅಲ್ಲಿ ಇಲ್ಲವೆಂದರೆ ಹಾಸನಕ್ಕೇ ಬರಬೇಕಾದೀತು. ಬಸ್ಸಿನ ಟೈಮು, ಹಾಸ್ಟೆಲ್ ಖರ್ಚು ನೋಡಿಕೊಂಡು ಹೇಳಿ, ಆಮೇಲೆ ಮಾತಾಡೋಣ.